ಈ ರಜೆಯಲ್ಲಿ ಮಕ್ಕಳನ್ನು ಕಲ್ಲು ಹುಡುಕಲು ಕರೆದೊಯ್ಯೋಣ, ಕಲ್ಲು ಒಡೆಯಲು ಬೇಡ



ಪರೀಕ್ಷೆಗಳು ಮುಗಿದವು, ಪಾಸ್ಖ ಹಬ್ಬವೂ ಮುಗಿಯಿತು. ಈಗ ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಕಿವಿಗೆ ಬೀಳುವುದು ಒಂದೇ ಮಾತು: "ರಜಾದಾಗ ಈ ಹುಡುಗರನ್ನ ಏನ್ ಮಾಡಬೇಕ್ರಿ?" ಕೆಲವರು ಅಬ್ಯಾಕಸ್ ಕ್ಲಾಸಿಗೆ ಹಾಕುತ್ತಾರೆ, ಕೆಲವರು ಕೊಲ್ಹಾಪುರದ ಕಾಕಾನ ಮನೆಗೆ ಕಳಿಸುತ್ತಾರೆ, ಉಳಿದವರ ಕೈಯಲ್ಲಿ ಮೊಬೈಲ್ ಇರುತ್ತದೆ. ಯುವಸಂಘದವರಾದ ನಮಗೆ ಈ ವಿಷಯದಲ್ಲಿ ಒಂದು ಅಭಿಪ್ರಾಯವಿದೆ. ಅದು ಕಳೆದ ವರ್ಷ ನಾವೇ ಮಾಡಿದ ಒಂದು ತಪ್ಪಿನಿಂದ ಬಂದದ್ದು. ಆದ್ದರಿಂದ ತಪ್ಪನ್ನೂ ಸೇರಿಸಿಯೇ ಬರೆಯುತ್ತಿದ್ದೇವೆ.

ಕಥೆ ಶುರುವಾದದ್ದು ಹೀಗೆ. ನಮ್ಮಲ್ಲಿ ಒಂದು ಮನೆಯ ನೆಂಟರು ಅಮೆರಿಕದಿಂದ ಬಂದಿದ್ದರು. ಅವರು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ಅಲ್ಲಿನ ಉತ್ತರ ಕೆರೊಲೈನಾದ ಬೆಟ್ಟಗಳಲ್ಲಿ, ಫ್ರಾಂಕ್ಲಿನ್ ಎಂಬ ಊರಿನ ಸುತ್ತಮುತ್ತ, ರಜೆಗೆ ಬಂದ ಕುಟುಂಬಗಳಿಗೆ ಒಂದು ಬಕೆಟ್ ಮಣ್ಣು ಮಾರುತ್ತಾರೆ. ಹುಡುಗರು ಅದನ್ನು ಜರಡಿಗೆ ಸುರಿದು, ಹರಿಯುವ ನೀರಿನ ಕಾಲುವೆಯಲ್ಲಿ ತೊಳೆಯುತ್ತಾರೆ. ಮಣ್ಣು ಹೋದ ಮೇಲೆ ಕೆಂಪು, ನೇರಳೆ, ಹಸಿರು ಹರಳುಗಳು ಉಳಿಯುತ್ತವೆ. ಹುಡುಗರು ಕುಣಿಯುತ್ತಾರೆ. ಅದಕ್ಕೆ ಅಲ್ಲಿ "ರತ್ನದ ಗಣಿಗಾರಿಕೆ" ಎಂದು ಹೆಸರು. ನಮ್ಮ ಧರ್ಮೋಪದೇಶದ ತರಗತಿಯ ಮಕ್ಕಳು ಆ ವಿಡಿಯೊವನ್ನು ಹತ್ತು ಸಲ ನೋಡಿದರು. "ನಮಗೂ ಬೇಕು" ಎಂದರು.

ನಾವು ಆನ್‌ಲೈನಿನಲ್ಲಿ ಹುಡುಕಿ ಒಂದು ಪೆಟ್ಟಿಗೆ ತರಿಸಿದೆವು. ಅದರಲ್ಲಿ ಪ್ಲಾಸ್ಟರಿನ ಒಂದು ಗಟ್ಟಿ, ಪುಟ್ಟ ಸುತ್ತಿಗೆ, ಪುಟ್ಟ ಉಳಿ, ಒಂದು ಬ್ರಷ್ ಇದ್ದವು. ಮಕ್ಕಳು ಕುಟ್ಟಿದರು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಒಳಗಿಂದ ಹುಣಸೆಬೀಜದಷ್ಟು ದೊಡ್ಡ ಏಳೆಂಟು ಕಲ್ಲು ಬಂದವು, ಹಾಲ್ ತುಂಬ ಬಿಳಿ ಧೂಳು ಎದ್ದಿತು. ಮೂರನೆಯ ತರಗತಿಯ ಒಬ್ಬ ಹುಡುಗಿ ಕಲ್ಲನ್ನು ಕೈಯಲ್ಲಿ ಹಿಡಿದು ಕೇಳಿದಳು: "ಅಕ್ಕಾ, ಇದನ್ನ ಒಳಗ ಯಾರು ಇಟ್ಟಾರ?"

ಕಂಪನಿಯವರು ಇಟ್ಟಿದ್ದಾರೆ ಎಂದೆವು. ಅವಳ ಮುಖ ಸಪ್ಪಗಾಯಿತು. ಆಮೇಲೆ ವಿಚಾರಿಸಿದರೆ ಅಮೆರಿಕದ ಬಕೆಟಿನ ಕಥೆಯೂ ಬಹುಮಟ್ಟಿಗೆ ಅದೇ. ಅಲ್ಲಿನ ಹಲವು ಕಡೆ ಬಕೆಟಿನ ಮಣ್ಣಿಗೆ ಹೊರಗಿನಿಂದ ತಂದ ಕಲ್ಲನ್ನು ಮೊದಲೇ ಬೆರೆಸಿರುತ್ತಾರೆ. ಆ ಕಲ್ಲುಗಳಲ್ಲಿ ಬ್ರೆಜಿಲಿನವು ಇರುತ್ತವೆ, ನಮ್ಮ ಭಾರತದವೂ ಇರುತ್ತವೆ. ಇಲ್ಲಿಂದ ಹೋದ ಕಲ್ಲನ್ನು ಅಲ್ಲಿ ಮಣ್ಣಿನಲ್ಲಿ ಹೂತು, ದುಡ್ಡು ಕೊಟ್ಟು ಮತ್ತೆ ಹುಡುಕುತ್ತಾರೆ ಎಂದಾಯಿತು. ತಪ್ಪೇನಿಲ್ಲ, ಅದೊಂದು ಆಟ. ಆದರೆ ಆಟದ ಫಲಿತಾಂಶ ಮೊದಲೇ ಗೊತ್ತಿದ್ದರೆ ಮಗು ಕಲಿಯುವುದು ಏನು? ಹಣ ಕೊಟ್ಟರೆ ಸಿಕ್ಕೇ ಸಿಗುತ್ತದೆ ಎಂಬುದನ್ನು. ಅದನ್ನು ಕಲಿಸಲು ಅಂಗಡಿಗಳು ಬೇಕಾದಷ್ಟು ಇವೆ.

ನಮ್ಮ ಕಾಲಡಿಯಲ್ಲೇ ಏನಿದೆ?

ಯಾರೂ ಒಳಗೆ ಇಡದ ಕಲ್ಲು ಬೇಕೆಂದರೆ ನಾವು ದೂರ ಹೋಗಬೇಕಾಗಿಲ್ಲ. ಗಡಹಿಂಗ್ಲಜದಲ್ಲಿ ನಾವು ನಿಂತಿರುವುದೇ ಲಾವಾರಸದ ಮೇಲೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖ್ಖನ್ ಪ್ರಸ್ಥಭೂಮಿಯ ಈ ಭಾಗದಲ್ಲಿ ನೆಲ ಬಿರಿದು ಲಾವಾ ಹರಿಯಿತು. ಒಂದರ ಮೇಲೊಂದು ಪದರವಾಗಿ ಹರಿದು ತಣ್ಣಗಾಗಿ ಕರಿಕಲ್ಲಾಯಿತು. ನಮ್ಮ ಬೀಸುವ ಕಲ್ಲು, ಒರಳು, ಹಳೆಯ ಮನೆಗಳ ಪಾಯ ಎಲ್ಲವೂ ಅದೇ ಕರಿಕಲ್ಲು. ಅದರ ಮೇಲ್ಭಾಗ ಮಳೆಗೆ ಬಿಸಿಲಿಗೆ ಸವೆದು ಕೆಂಪಾದದ್ದು ಜಾಂಭಾ ಕಲ್ಲು. ಸಾಮಾನಗಡಕ್ಕೆ ಹೋದವರೆಲ್ಲ ಅದನ್ನು ಕಂಡಿದ್ದೀರಿ.

ಲಾವಾ ತಣ್ಣಗಾಗುವಾಗ ಅದರಲ್ಲಿದ್ದ ಗಾಳಿ ಗುಳ್ಳೆಗಳು ಹಾಗೇ ಉಳಿದುಬಿಟ್ಟವು, ಹೆಂಚಿನ ಮೇಲಿನ ದೋಸೆಯಲ್ಲಿ ತೂತು ಉಳಿಯುವಂತೆ. ಆ ತೂತುಗಳೊಳಗೆ ಲಕ್ಷಾಂತರ ವರ್ಷ ನೀರು ಜಿನುಗಿತು. ನೀರಿನಲ್ಲಿ ಕರಗಿದ್ದ ಸಿಲಿಕಾ ಒಳಗೋಡೆಗೆ ಪದರ ಪದರವಾಗಿ ಅಂಟಿಕೊಂಡಿತು. ಹಾಗೆ ಆದದ್ದೇ ಪಟ್ಟೆ ಪಟ್ಟೆಯ ಅಗೇಟ್, ಅಂದರೆ ಅಕೀಕ. ನಡುವೆ ಜಾಗ ಉಳಿದಿದ್ದರೆ ಅಲ್ಲಿ ಬೆಣಚಿನ ಹರಳುಗಳು ಬೆಳೆದವು. ಕೆಲವು ತೂತುಗಳಲ್ಲಿ ಬಿಳಿ ಸೂಜಿಗಳಂತೆ, ಬೀಸಣಿಗೆಯಂತೆ ಬೆಳೆದ ಖನಿಜಗಳಿವೆ. ಅವುಗಳಲ್ಲಿ ಬಹಳಷ್ಟು ಜಿಯೊಲೈಟ್ ಎಂಬ ಗುಂಪಿಗೆ ಸೇರಿದವು. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಡ್ಟ್ ಎಂಬ ವಿಜ್ಞಾನಿ ಅಂಥ ಒಂದು ಕಲ್ಲನ್ನು ಕಾಯಿಸಿದಾಗ ಅದು ಬುರುಗು ಬುರುಗಾಗಿ ಕುದಿಯಿತಂತೆ. ಅದಕ್ಕೇ ಗ್ರೀಕ್ ಭಾಷೆಯಲ್ಲಿ "ಕುದಿಯುವ ಕಲ್ಲು" ಎಂಬ ಅರ್ಥದ ಹೆಸರಿಟ್ಟ. ಇಂಥ ಖನಿಜಗಳಿಗೆ ನಮ್ಮ ಮಹಾರಾಷ್ಟ್ರದ ಪುಣೆ, ನಾಸಿಕ್, ಜಳಗಾಂವ ಕಡೆಯ ಕಲ್ಲುಗಣಿಗಳು ಜಗತ್ತಿನಲ್ಲೇ ಹೆಸರಾಗಿವೆ. ನಾಸಿಕ್ ಹತ್ತಿರದ ಸಿನ್ನರಿನಲ್ಲಿ ಅವುಗಳದ್ದೇ ಒಂದು ವಸ್ತುಸಂಗ್ರಹಾಲಯವಿದೆ, ಅದರ ಹೆಸರು ಗಾರಗೋಟಿ. ಮರಾಠಿಯಲ್ಲಿ ಗಾರಗೋಟಿ ಎಂದರೆ ನಮ್ಮ ಬೆಣಚುಕಲ್ಲು. ಪಕ್ಕದ ಭುದರಗಡ ತಾಲೂಕಿನ ಮುಖ್ಯ ಊರಿನ ಹೆಸರೂ ಅದೇ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ, ಬಸ್ಸಿನ ಬೋರ್ಡಿನಲ್ಲಿ ದಿನಾ ಓದುತ್ತೀರಿ.

ಇನ್ನು ನಮ್ಮ ಹಿರಣ್ಯಕೇಶಿ. ಅಂಬೋಲಿಯಲ್ಲಿ ಹುಟ್ಟಿ, ಆಜರಾ ದಾಟಿ, ನಮ್ಮೂರಿನ ಪಕ್ಕ ಹರಿದು, ಸಂಕೇಶ್ವರದ ಕಡೆ ಕರ್ನಾಟಕಕ್ಕೆ ಇಳಿದು ಘಟಪ್ರಭೆ ಸೇರುತ್ತಾಳೆ. ಹಿರಣ್ಯ ಎಂದರೆ ಬಂಗಾರ. ನದಿಯಲ್ಲಿ ಬಂಗಾರವಿದೆ ಎಂದು ನಾವು ಹೇಳುತ್ತಿಲ್ಲ. ಆದರೆ ಅವಳು ದಾರಿಯುದ್ದಕ್ಕೂ ಕರಿಕಲ್ಲನ್ನು ಸವೆಸಿ, ಮೆತ್ತಗಿನದನ್ನು ಮಣ್ಣು ಮಾಡಿ, ಗಟ್ಟಿಯಾದದ್ದನ್ನು ದಂಡೆಗೆ ತಂದು ಹಾಕುತ್ತಾಳೆ. ಕರಿಕಲ್ಲಿಗಿಂತ ಬೆಣಚು ಗಟ್ಟಿ. ಅಂದರೆ ಒಡೆಯುವ ಕೆಲಸವನ್ನು ನದಿ ಆಗಲೇ ಮಾಡಿ ಮುಗಿಸಿದೆ. ನಾವು ಬಾಗಿ ನೋಡಿದರೆ ಸಾಕು. ಈ ಮಾತು ಆಗ ನಮಗೆ ತಿಳಿದಿರಲಿಲ್ಲ. ಅಲ್ಲೇ ನಾವು ತಪ್ಪಿದ್ದು.

ನಮ್ಮ ತಪ್ಪು

ಕಳೆದ ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಸುಮಾರು ಇಪ್ಪತ್ತೈದು ಮಂದಿ ನದಿದಂಡೆಗೆ ಹೋದೆವು. ಮಕ್ಕಳು, ಅವರ ಅಪ್ಪ ಅವ್ವಂದಿರು, ಇಬ್ಬರು ಅಜ್ಜಿಯರು. ನೋಟೀಸ್ ಬೋರ್ಡಿನಲ್ಲಿ ದೊಡ್ಡದಾಗಿ "ರತ್ನ ಗಣಿ ದಿನ" ಎಂದು ಬರೆದಿದ್ದೆವು. ಬಕೆಟ್, ಜರಡಿ, ಆರು ಸುತ್ತಿಗೆ ಒಯ್ದಿದ್ದೆವು. ಮಕ್ಕಳ ತಲೆಗೆ ಹಳದಿ ಬಣ್ಣದ ಪ್ಲಾಸ್ಟಿಕ್ ಟೋಪಿ ಕೂಡ ಹಾಕಿದೆವು, ಗಣಿ ಕಾರ್ಮಿಕರಂತೆ ಕಾಣಲಿ ಎಂದು. ಫೋಟೊ ಚೆನ್ನಾಗಿ ಬಂದವು.

ಎಲ್ಲರೂ ಕಲ್ಲು ಕುಟ್ಟುತ್ತಿರುವಾಗ ಎಂಟನೆಯ ತರಗತಿಯ ಒಬ್ಬ ಹುಡುಗ ಮಾತ್ರ ಬಂಧಾರದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಸುತ್ತಿಗೆ ಕೊಟ್ಟರೆ ತಗೊಳ್ಳಲಿಲ್ಲ. ಮೈ ಹುಷಾರಿಲ್ಲವೇನೋ ಎಂದುಕೊಂಡೆವು. ಮನೆಗೆ ಮರಳುವ ದಾರಿಯಲ್ಲಿ ನಮ್ಮಲ್ಲೊಬ್ಬರು ಮೆಲ್ಲಗೆ ಕೇಳಿದಾಗ ಹೇಳಿದ: "ನಮ್ಮವ್ವ ದಿನಾ ಖಡಿ ಮಷೀನದಾಗ ಇದನ್ನ ಮಾಡತಾಳ. ನೀವು ಟೊಪಿಗಿ ಹಾಕ್ಕೊಂಡು ಆಟಾ ಆಡತೀರಿ. ನಾ ಹ್ಯಾಂಗ ಆಡಲಿ?"

ನಮ್ಮಲ್ಲಿ ಯಾರಿಗೂ ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ. ನಮ್ಮ ಧರ್ಮಕೇಂದ್ರದಲ್ಲಿ ಕಲ್ಲಿನ ಕೆಲಸದಿಂದ ಹೊಟ್ಟೆ ಹೊರೆಯುವ ಮನೆಗಳು ಇವೆ ಎಂಬುದು ನಮಗೆ ಗೊತ್ತಿಲ್ಲದ ವಿಷಯವೇನೂ ಅಲ್ಲ. ಭಾನುವಾರ ಒಂದೇ ಬೆಂಚಿನಲ್ಲಿ ಕೂರುತ್ತೇವೆ. ಆದರೂ ಹಾಗೆ ಮಾಡಿದೆವು.

ಆ ಮಾತಿನ ನಂತರ ನಾವು ಸ್ವಲ್ಪ ಓದಿದೆವು, ಗೊತ್ತಿದ್ದವರನ್ನು ಕೇಳಿದೆವು. ಹೊಳೆಯುವ ಕಲ್ಲಿನ ಹಿಂದೆ ಮಕ್ಕಳ ಕೈ ಎಷ್ಟು ಇದೆ ಎಂಬುದು ಅದರಿಂದ ತಿಳಿಯಿತು. ಗುಜರಾತಿನ ಖಂಭಾತ್ ಪಟ್ಟಣ ಅಕೀಕ ಕಲ್ಲಿನ ಮಣಿಗಳಿಗೆ ಬಹಳ ಹಳೆಯ ಕಾಲದಿಂದ ಹೆಸರುವಾಸಿ. ಅಲ್ಲಿ ಮನೆಗಳಲ್ಲೇ ಕಲ್ಲು ಸಾಣೆ ಹಿಡಿಯುತ್ತಾರೆ. ಹಾರುವ ಸಿಲಿಕಾ ಧೂಳು ಕಣ್ಣಿಗೆ ಕಾಣದಷ್ಟು ಸಣ್ಣದು. ಅದು ಎದೆಗೂಡಿಗೆ ಇಳಿದು ಶ್ವಾಸಕೋಶವನ್ನು ಗಟ್ಟಿ ಮಾಡುತ್ತದೆ. ಆ ಕಾಯಿಲೆಯ ಹೆಸರು ಸಿಲಿಕೋಸಿಸ್. ಬಂದ ಮೇಲೆ ಗುಣಪಡಿಸುವ ಔಷಧ ಇಲ್ಲ. ಸಾಣೆಯ ಪಕ್ಕದಲ್ಲೇ ಆಡುವ ಮಕ್ಕಳೂ ಅದೇ ಗಾಳಿ ಉಸಿರಾಡುತ್ತಾರೆ. ಝಾರ್ಖಂಡ್ ಮತ್ತು ಬಿಹಾರದ ಕಾಡುಗಳಲ್ಲಿ ಅಭ್ರಕ ಆರಿಸುವ ಮಕ್ಕಳ ಬಗ್ಗೆ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ಮುಖಕ್ಕೆ ಹಚ್ಚುವ ಮೇಕಪ್ಪಿನ ಮಿಂಚು, ಕಾರಿನ ಬಣ್ಣದ ಹೊಳಪು ಆ ಅಭ್ರಕದ್ದು.

ಕಾನೂನು ಸ್ಪಷ್ಟವಾಗಿಯೇ ಇದೆ. 18 ವರ್ಷ ತುಂಬದವರು ಗಣಿಯಲ್ಲಿ ಕೆಲಸ ಮಾಡುವಂತಿಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು ಎಂದಾಯಿತು. ಮನೆಯ ಕೆಲಸದಲ್ಲಿ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಸಹಾಯ ಮಾಡಬಹುದು ಎಂಬ ವಿನಾಯಿತಿ ಇದೆ, ಆದರೆ ಅದು ಅಪಾಯದ ಕೆಲಸವಾಗಿರಬಾರದು. ಕಾಗದದ ಮೇಲೆ ಇಷ್ಟಿದೆ. ಇಷ್ಟಿದ್ದೂ ಒಂದು ಮಗುವಿಗೆ ಬದುಕು ಹೊರಿಸಿದ ಹೊರೆ ಇನ್ನೊಂದು ಮಗುವಿಗೆ ರಜೆಯ ಮೋಜಾಗಿರುತ್ತದೆ.

ಹಾಗಾದರೆ ನಿಲ್ಲಿಸಿಬಿಡಬೇಕೆ?

ನಮ್ಮ ಸಭೆಯಲ್ಲಿ ಎರಡು ಪಕ್ಷವಾಯಿತು. ಒಂದು ಪಕ್ಷದವರು ಹೇಳಿದರು: ಇನ್ನು ಇದು ಬೇಡವೇ ಬೇಡ, ಚಿತ್ರಕಲೆ, ಹಾಡು, ಕ್ರಿಕೆಟ್ ಇರಲಿ, ಯಾರ ಮನಸ್ಸಿಗೂ ನೋವಾಗುವುದಿಲ್ಲ. ಇನ್ನೊಂದು ಪಕ್ಷದವರು ಹೇಳಿದರು: ಅವತ್ತು ಮಕ್ಕಳು ನಾಲ್ಕು ತಾಸು ಮೊಬೈಲ್ ಮುಟ್ಟಲಿಲ್ಲ, ಅಪ್ಪ ಮಗ ಒಟ್ಟಿಗೆ ಮಂಡಿಯೂರಿ ಕೂತರು, ಅದನ್ನು ಯಾಕೆ ಕಳೆದುಕೊಳ್ಳಬೇಕು?

ಎರಡೂ ಮಾತಿನಲ್ಲಿ ಸತ್ಯವಿತ್ತು. ಕೊನೆಗೆ ದಾರಿ ತೋರಿಸಿದ್ದು ಆ ಹುಡುಗನ ತಾಯಿ. ನಾವು ನಾಲ್ವರು ಅವರ ಮನೆಗೆ ಹೋಗಿ, ತಪ್ಪಾಯಿತು ಎಂದೆವು. ಅವರು ಮೊದಲು ಚಹಾ ಕುಡಿಸಿದರು. ಆಮೇಲೆ ನಕ್ಕು, "ಇದಕ್ಕೆಲ್ಲ ತಪ್ಪು ಅನ್ಕೋಬ್ಯಾಡ್ರಿ" ಎಂದರು. ಮುಂದಿನ ಸಲ ನೀವೂ ಬರಬೇಕು ಅವ್ವಾ, ನಿಮಗೆ ಕಲ್ಲಿನ ಬಗ್ಗೆ ನಮ್ಮೆಲ್ಲರಿಗಿಂತ ಹೆಚ್ಚು ಗೊತ್ತು ಎಂದು ಕೇಳಿಕೊಂಡಾಗ ಹೇಳಿದರು: "ಕಲ್ಲು ನೋಡಾಕ ಬರ್ತೀನಿ. ಒಡ್ಯಾಕ ಬರಂಗಿಲ್ಲ."

ನಮ್ಮ ಅಭಿಪ್ರಾಯ ಅಷ್ಟೂ ಆ ಒಂದು ಮಾತಿನಲ್ಲಿದೆ. ಮಕ್ಕಳನ್ನು ಕರೆದುಕೊಂಡು ಹೋಗಬೇಕು. ನೋಡಲು, ಹುಡುಕಲು, ಕೇಳಲು, ತಿಳಿಯಲು ಹೋಗಬೇಕು. ಗಣಿ ಎಂಬ ಹೆಸರು ಬೇಡ, ಟೋಪಿ ಬೇಡ, ಸುತ್ತಿಗೆ ಬೇಡ. ಒಡೆಯದಿದ್ದರೆ ಸಿಲಿಕಾ ಧೂಳಿಲ್ಲ, ಕಣ್ಣಿಗೆ ಚೂರು ಹಾರುವ ಭಯವಿಲ್ಲ. ಒಡೆಯುವ ಕೆಲಸದಿಂದ ಬದುಕುವವರ ಅಣಕವೂ ಆಗುವುದಿಲ್ಲ.

ಅವತ್ತು ನಾವು ನಿಜವಾಗಿ ಕಂಡದ್ದು

ಅದೇ ದಿನ ಒಂದು ಒಳ್ಳೆಯ ಸಂಗತಿಯೂ ನಡೆದಿತ್ತು. ನಮ್ಮ ಹುಡುಗರು ಜರಡಿ ಹಿಡಿದು ಒದ್ದಾಡುತ್ತಿದ್ದಾಗ ಎಪ್ಪತ್ತು ದಾಟಿದ ಒಬ್ಬ ಆಯಿ ತಮ್ಮ ಮನೆಯಿಂದ ತಂದಿದ್ದ ಮರ ತೆಗೆದರು. ಒಂದು ಬೊಗಸೆ ಒಣಗಿದ ಜಲ್ಲಿಮಣ್ಣು ಹಾಕಿ ಕೇರಿದರು. ಎರಡು ಸಲ ಮೇಲೆ ಹಾರಿಸಿ, ಒಂದು ಸಲ ಓರೆ ಮಾಡಿ ತಟ್ಟಿದರು. ಹಗುರವಾದದ್ದು ಮುಂದೆ ಹೋಯಿತು, ಭಾರವಾದದ್ದು ಹಿಂದೆ ಉಳಿಯಿತು. ಅದರಲ್ಲಿ ಬೆರಳಾಡಿಸಿ ಜೇನಿನ ಬಣ್ಣದ ಒಂದು ಪುಟ್ಟ ಕಲ್ಲು ಎತ್ತಿ ಮೊಮ್ಮಗಳ ಕೈಗಿಟ್ಟರು. "ಐವತ್ತು ವರ್ಷ ಅಕ್ಕಿ ಜೋಳದಾಗಿನ ಹಳ್ಳ ಆರಿಸೇನಿ, ಇದೇನ್ ದೊಡ್ಡ ಮಾತು?" ಎಂದರು. ಸೂರ್ಯನಿಗೆ ಹಿಡಿದು ನೋಡಿದರೆ ಕಲ್ಲಿನೊಳಗೆ ಬೆಳಕು ನಿಂತಿತ್ತು. ಬೆಣಚಿನ ಜಾತಿಯ ಕಲ್ಲು ಅದು. ಪೇಟೆಯಲ್ಲಿ ಅದಕ್ಕೆ ಹತ್ತು ರೂಪಾಯಿಯೂ ಬರಲಿಕ್ಕಿಲ್ಲ. ಆ ಹುಡುಗಿ ಅದನ್ನು ಈಗಲೂ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆ. ತನ್ನ ಅಜ್ಜಿಗೆ ಇಂಥದೊಂದು ವಿದ್ಯೆ ಇದೆ ಎಂಬುದು ಅವಳಿಗೆ ಗೊತ್ತಾದದ್ದು ಅವತ್ತೇ.

ಅಬ್ಯಾಕಸ್ ಕ್ಲಾಸಿನಲ್ಲಿ ಇದು ಸಿಗುವುದಿಲ್ಲ ಎಂಬುದು ನಮ್ಮ ವಾದ. ಕ್ಲಾಸಿಗೆ ಮಗುವನ್ನು ಬಿಟ್ಟು ಬರುತ್ತೇವೆ. ಇಲ್ಲಿ ಬಿಟ್ಟು ಬರಲಾಗದು. ಅಪ್ಪನೂ ಬಾಗಬೇಕು, ಅವ್ವನ ಸೀರೆಯ ಅಂಚಿಗೂ ಮಣ್ಣಾಗಬೇಕು. ಅಪ್ಪನಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಮಗ ಕೇಳುತ್ತಾನೆ, ಇಬ್ಬರೂ ಸೇರಿ ಹುಡುಕುತ್ತಾರೆ. ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿಯುತ್ತಾರೆ, ಮನೆಯಲ್ಲಿ ಕನ್ನಡ ಆಡುತ್ತಾರೆ. ನೂಲ, ಹಲಕರ್ಣಿ ಕಡೆಯ ಹಿರಿಯರಿಗೆ ಗೊತ್ತಿರುವ ಕಲ್ಲು ಮಣ್ಣಿನ ಹೆಸರುಗಳನ್ನು ಅವರು ಕೇಳುವುದು ಇಂಥ ಹೊತ್ತಿನಲ್ಲೇ. ಗಾರಗೋಟಿ ಅಂದರೆ ಬೆಣಚು ಎಂದು ನಮಗೂ ಗೊತ್ತಾದದ್ದು ಆ ಆಯಿಯಿಂದಲೇ.

ಆಸೆಯ ಮಾತು

ಇನ್ನೊಂದು ಆಕ್ಷೇಪವನ್ನು ಹಿರಿಯರೊಬ್ಬರು ಎತ್ತಿದರು: ಹುಡುಗರಿಗೆ ರತ್ನದ ಆಸೆ ಹುಟ್ಟಿಸಬೇಡಿ. ಇದು ತಳ್ಳಿಹಾಕುವ ಮಾತಲ್ಲ.

ಆಂಧ್ರದ ಕರ್ನೂಲು ಜಿಲ್ಲೆಯ ತುಗ್ಗಲಿ, ಜೊನ್ನಗಿರಿ ಕಡೆ ಮುಂಗಾರಿನ ಮೊದಲ ಮಳೆ ಬಿದ್ದೊಡನೆ ನೂರಾರು ಜನ ಹೊಲಗಳಿಗೆ ಇಳಿಯುತ್ತಾರೆ. ಮಳೆ ಮೇಲ್ಮಣ್ಣು ತೊಳೆದಾಗ ವಜ್ರ ಕಾಣಬಹುದೆಂಬ ಆಸೆ. ನಮ್ಮ ಕರ್ನಾಟಕದ ಬಳ್ಳಾರಿ, ರಾಯಚೂರು ಕಡೆಯಿಂದಲೂ ಮಂದಿ ಮಕ್ಕಳು ಮರಿ ಕಟ್ಟಿಕೊಂಡು ಹೋಗುತ್ತಾರೆ, ಮರದಡಿ ಅಡುಗೆ ಮಾಡಿಕೊಂಡು ದಿನಗಟ್ಟಲೆ ಇರುತ್ತಾರೆ. ಒಬ್ಬರಿಗೆ ಸಿಕ್ಕ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ, ಬರಿಗೈಯಲ್ಲಿ ಮರಳಿದವರ ಸುದ್ದಿ ಬರುವುದಿಲ್ಲ. ಮಧ್ಯಪ್ರದೇಶದ ಪನ್ನಾದಲ್ಲಿ ಸರ್ಕಾರವೇ 8 ಮೀಟರ್ ಉದ್ದ 8 ಮೀಟರ್ ಅಗಲದ ತುಂಡು ನೆಲವನ್ನು ಅಗೆಯಲು ಗುತ್ತಿಗೆ ಕೊಡುತ್ತದೆ. ಸಿಕ್ಕ ವಜ್ರವನ್ನು ಸರ್ಕಾರದ ವಜ್ರ ಕಚೇರಿಗೆ ಒಪ್ಪಿಸಬೇಕು, ಹರಾಜಾದ ಮೇಲೆ ರಾಯಧನ ಮತ್ತು ತೆರಿಗೆ ಕಳೆದು ಉಳಿದದ್ದು ಸಿಕ್ಕವನಿಗೆ. ಅಲ್ಲಿಯೂ ವರ್ಷಗಟ್ಟಲೆ ಅಗೆದು ಏನೂ ಕಾಣದವರೇ ಹೆಚ್ಚು. ಅಮೆರಿಕದ ಅರ್ಕಾನ್ಸಾಸಿನಲ್ಲಿ 37 ಎಕರೆಯ ಒಂದು ಉತ್ತ ಹೊಲ 1972ರಿಂದ ಸರ್ಕಾರಿ ಉದ್ಯಾನವಾಗಿದೆ. ಟಿಕೆಟ್ ಕೊಂಡು ಹೋದ ಯಾರು ಬೇಕಾದರೂ ವಜ್ರ ಹುಡುಕಬಹುದು, ಸಿಕ್ಕಿದ್ದು ಅವರದ್ದೇ. ಅಲ್ಲಿಗೆ ಹೋದ ಕುಟುಂಬಗಳಲ್ಲಿ ಬಹುಪಾಲು ತರುವುದು ಕೆಸರಾದ ಬೂಟು ಮತ್ತು ಒಂದು ಫೋಟೊ.

ನಮ್ಮ ಹಿರಣ್ಯಕೇಶಿಯ ನೀರು ಘಟಪ್ರಭೆಯಾಗಿ, ಕೃಷ್ಣೆಯಾಗಿ, ಆಲಮಟ್ಟಿ ದಾಟಿ, ಕೊನೆಗೆ ಆಂಧ್ರದ ಕೊಲ್ಲೂರಿನ ಪಕ್ಕ ಹರಿಯುತ್ತದೆ. ಗೋಲ್ಕೊಂಡದ ವಜ್ರಗಳು ಎಂದು ಜಗತ್ತು ಕರೆದದ್ದು ಆ ಕಡೆಯ ಗಣಿಗಳ ವಜ್ರಗಳನ್ನೇ. ಆದರೆ ನಮ್ಮ ಕಡೆ ವಜ್ರವಿಲ್ಲ. ವಜ್ರ ಬರುವ ಬಂಡೆಯ ಜಾತಿಯೇ ಬೇರೆ, ನಮ್ಮ ಲಾವಾದ ಕರಿಕಲ್ಲಿನಲ್ಲಿ ಅದು ಇರುವುದಿಲ್ಲ. ಇದನ್ನು ಮಕ್ಕಳಿಗೆ ದಂಡೆಗೆ ಹೋಗುವ ಮೊದಲೇ ನೇರವಾಗಿ ಹೇಳಬೇಕು ಎಂಬುದು ನಮ್ಮ ಮತ. "ಶ್ರೀಮಂತರಾಗುವ ಕಲ್ಲು ಇಲ್ಲಿಲ್ಲ, ಚೆಂದದ ಕಲ್ಲು ಇದೆ" ಎಂದು ಹೇಳಿ ಕರೆದುಕೊಂಡು ಹೋದರೆ ಆಸೆಯ ಭಯ ಅರ್ಧ ಕಡಿಮೆಯಾಗುತ್ತದೆ. ಏನೂ ಸಿಗದ ಮಗುವಿಗೆ ಗುಟ್ಟಾಗಿ ಒಂದು ಕಲ್ಲು ಹಾಕಿಕೊಡುವ ಬುದ್ಧಿಯನ್ನೂ ನಾವು ಬಿಡಬೇಕು. ಹಾಗೆ ಮಾಡಿದರೆ ನಮ್ಮ ನದಿಯೂ ಬೆರೆಸಿದ ಬಕೆಟ್ ಆಗಿಬಿಡುತ್ತದೆ. ಬರಿಗೈಯಲ್ಲಿ ಮನೆಗೆ ಬಂದು, ಊಟ ಮಾಡಿ, ಮತ್ತೆ ಮುಂದಿನ ವಾರ ಹೋಗೋಣ ಎನ್ನುವ ಮಗು ಏನೋ ದೊಡ್ಡದನ್ನೇ ಕಲಿತಿದೆ. ಯೋಬನ ಗ್ರಂಥದ 28ನೇ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಓದಿ ನೋಡಿ. ನೆಲ ಕೊರೆದು ರತ್ನ ತೆಗೆಯುವವರ ಸಾಹಸವನ್ನೆಲ್ಲ ಬಣ್ಣಿಸಿ, ಜ್ಞಾನ ಸಿಗುವ ಜಾಗ ಮಾತ್ರ ಅದಲ್ಲ ಎಂದು ಆ ಅಧ್ಯಾಯ ಹೇಳುತ್ತದೆ.

ಈ ವರ್ಷ ಹೇಗೆ?

ಮೇ ತಿಂಗಳ ಎರಡು ಶನಿವಾರ ಮತ್ತೆ ಹೋಗಬೇಕೆಂದಿದ್ದೇವೆ. ಬರುವವರು ಕೆಲವು ಮಾತುಗಳನ್ನು ಒಪ್ಪಿ ಬರಬೇಕು.

ಮೊದಲನೆಯದು ನೀರಿನ ವಿಷಯ. ಬೇಸಿಗೆಯಲ್ಲಿ ನದಿ ಒಣಗಿರುತ್ತದೆ ಎಂದು ನಂಬಬೇಡಿ. ನಮ್ಮಲ್ಲಿ ಕೊಲ್ಹಾಪುರ ಪದ್ಧತಿಯ ಬಂಧಾರಗಳಿವೆ. ಬಾಗಿಲು ಹಾಕಿದಾಗ ಅವುಗಳ ಹಿಂದೆ ಆಳವಾದ ನೀರು ನಿಂತಿರುತ್ತದೆ. ಮೇಲಿನಿಂದ ಚಿತ್ರಿ ಧರಣದ ನೀರು ಬಿಟ್ಟರೆ ಕೆಳಗೂ ಏರುತ್ತದೆ. ಮರಳು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಆದ್ದರಿಂದ ಆ ಊರಿನವರನ್ನು ಕೇಳಿಯೇ ಜಾಗ ಆರಿಸುತ್ತೇವೆ. ಒಣ ಜಲ್ಲಿಯ ದಂಡೆ ಮಾತ್ರ, ನೀರಿಗೆ ಇಳಿಯುವಂತಿಲ್ಲ. ಒಬ್ಬೊಬ್ಬ ಮಗುವಿಗೂ ಮನೆಯ ಒಬ್ಬ ದೊಡ್ಡವರು ಜೊತೆಗಿರಬೇಕು.

ಎರಡನೆಯದು ಹೊತ್ತು. ಬೆಳಿಗ್ಗೆ ಆರೂವರೆಗೆ ಹೊರಟು ಒಂಬತ್ತೂವರೆಗೆ ಮರಳುವುದು. ಬಿಸಿಲು ಏರಿದ ಮೇಲೆ ಯಾವ ಕಲ್ಲೂ ಬೇಡ.

ಮೂರನೆಯದು, ಕಲ್ಲುಗಣಿಗೆ ಮತ್ತು ಖಡಿ ಮಷೀನಿನ ಹತ್ತಿರಕ್ಕೆ ಹೋಗುವಂತಿಲ್ಲ. ಮುಚ್ಚಿದ ಗಣಿಯೂ ಬೇಡ. ಯಾರದಾದರೂ ಹೊಲ ದಾಟಬೇಕಾದರೆ ಅವರನ್ನು ಕೇಳಿ ದಾಟುವುದು. ಕೋಟೆಯ ಕಲ್ಲು, ಗುಡಿಯ ಕಲ್ಲು ಮುಟ್ಟುವಂತಿಲ್ಲ.

ನಾಲ್ಕನೆಯದು, ಒಂದು ಮಗುವಿಗೆ ಒಂದು ಮುಷ್ಟಿ. ಅದರಲ್ಲಿಯೂ ಮನೆಗೆ ಒಂದೇ ಕಲ್ಲು, ಉಳಿದದ್ದು ನೋಡಿ ಅಲ್ಲೇ ಬಿಡುವುದು. ಮರಳು ಎತ್ತಿ ಎತ್ತಿ ನದಿಗಳು ಏನಾಗಿವೆ ಎಂದು ಕಾಣುತ್ತಲೇ ಇದ್ದೇವೆ, ಆ ಸಾಲಿಗೆ ನಾವು ಸೇರುವುದು ಬೇಡ. ಕಾನೂನಿನ ಮಾತೂ ಇದೆ: 2015ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಉಪಖನಿಜಗಳೆಂದು ಸಾರಿದ 31 ಖನಿಜಗಳಲ್ಲಿ ಅಗೇಟ್, ಜಾಸ್ಪರ್ ಇವೆ. ವ್ಯಾಪಾರಕ್ಕೆಂದು ತೆಗೆಯಬೇಕಾದರೆ ಪರವಾನಗಿ ಬೇಕು. ನಮ್ಮದು ವ್ಯಾಪಾರವಲ್ಲ, ಹಾಗೆ ಆಗಲೂಬಾರದು.

ತರಬೇಕಾದದ್ದು: ಮನೆಯ ಮರ ಅಥವಾ ಜರಡಿ, ಒಂದು ಪರಾತ, ಕುಡಿಯುವ ನೀರು, ಟೋಪಿ ಅಥವಾ ಸೆರಗು, ಹಳೆಯ ಚಪ್ಪಲಿಯ ಬದಲು ಬೂಟು. ಒಂದು ಅಯಸ್ಕಾಂತ ತನ್ನಿ. ಅದನ್ನು ಕಾಗದದಲ್ಲಿ ಸುತ್ತಿ ಒಣ ಮರಳಿನಲ್ಲಿ ಆಡಿಸಿದರೆ ಕರಿಕಲ್ಲಿನಿಂದ ಬಂದ ಕಪ್ಪು ಕಬ್ಬಿಣದ ಪುಡಿ ಮೀಸೆಯಂತೆ ಅಂಟುತ್ತದೆ. ಸಣ್ಣ ಮಕ್ಕಳಿಗೆ ಇದರಷ್ಟು ಖುಷಿ ಬೇರೆ ಇಲ್ಲ. ಒಂದು ಗಾಜಿನ ಸೀಸೆ ತನ್ನಿ. ಬೆಣಚಿನ ಜಾತಿಯ ಕಲ್ಲು ಗಾಜಿನ ಮೇಲೆ ಗೀರು ಎಳೆಯುತ್ತದೆ, ಸುಣ್ಣದ ಜಾತಿಯ ಕಲ್ಲು ಎಳೆಯುವುದಿಲ್ಲ. ಸ್ವಲ್ಪ ವಿನೆಗರ್ ತನ್ನಿ. ಎರೆಮಣ್ಣಿನಲ್ಲಿ ಸಿಗುವ ಸುಣ್ಣದ ಹರಳಿನ ಮೇಲೆ ಹನಿ ಹಾಕಿದರೆ ನೊರೆ ಏಳುತ್ತದೆ, ಬೆಣಚಿನ ಮೇಲೆ ಏನೂ ಆಗುವುದಿಲ್ಲ. ಈ ಮೂರು ಪರೀಕ್ಷೆ ಕಲಿತ ಮಗುವಿಗೆ "ಇದು ರಾಶಿಗೆ ಹೊಂದುವ ಹರಳು" ಎಂದು ಗಾಜಿನ ಚೂರು ಮಾರುವುದು ಮುಂದೆ ಅಷ್ಟು ಸುಲಭವಾಗದು.

ಆ ಹುಡುಗ ಈ ವರ್ಷ ಬರುತ್ತಾನೆ. ಕಲ್ಲನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಒಳಗೆ ಬಿರುಕು ಇದೆಯೋ ಇಲ್ಲವೋ ಹೇಳುವುದನ್ನು ಅವನು ಅವ್ವನಿಂದ ಕಲಿತಿದ್ದಾನೆ. ನಮಗೆ ಅದನ್ನು ಕಲಿಸಲು ಒಪ್ಪಿದ್ದಾನೆ. ಅವನ ಅವ್ವ ಶನಿವಾರದ ಕೂಲಿ ಬಿಟ್ಟು ಬರಬೇಕಾಗುತ್ತದೆ. ಆದ್ದರಿಂದ ಆ ದಿನದ ಕೂಲಿಯನ್ನು ಯುವಸಂಘದ ನಿಧಿಯಿಂದ ಕೊಡುವುದೆಂದು ತೀರ್ಮಾನಿಸಿದ್ದೇವೆ. ಹಾಡು ಕಲಿಸಲು, ನೃತ್ಯ ಕಲಿಸಲು ಹೊರಗಿನಿಂದ ಬಂದವರಿಗೆ ಗೌರವಧನ ಕೊಡುತ್ತೇವೆ. ಕಲ್ಲು ಕಲಿಸುವವರಿಗೆ ಯಾಕೆ ಕೊಡಬಾರದು?

ಯೆಹೋಶುವನ ಗ್ರಂಥದ 4ನೇ ಅಧ್ಯಾಯದ ಕಥೆ ನಿಮಗೆಲ್ಲ ಗೊತ್ತು. ಜೋರ್ಡನ್ ನದಿ ದಾಟಿದ ಜನ ನದಿಯ ನಡುವಿನಿಂದ ಹನ್ನೆರಡು ಕಲ್ಲು ಹೊತ್ತು ತಂದು ನಿಲ್ಲಿಸಿದರು. ರತ್ನಗಳಲ್ಲ, ಬರಿ ನದಿಯ ಕಲ್ಲುಗಳು. ಮುಂದೆ ಮಕ್ಕಳು ಇವು ಏನೆಂದು ಕೇಳಬೇಕು, ಹಿರಿಯರು ಉತ್ತರ ಹೇಳಬೇಕು ಎಂಬುದೇ ಅದರ ಉದ್ದೇಶವಾಗಿತ್ತು. ನಮ್ಮ ಹುಡುಗಿಯೂ ಅಂಥದೇ ಪ್ರಶ್ನೆ ಕೇಳಿದ್ದಳು, ಇದನ್ನು ಒಳಗೆ ಯಾರು ಇಟ್ಟರು ಎಂದು. ಪ್ಲಾಸ್ಟರಿನ ಗಟ್ಟಿ ಹಿಡಿದುಕೊಂಡು ಅವಳಿಗೆ ಒಳ್ಳೆಯ ಉತ್ತರ ಕೊಡಲು ನಮ್ಮಿಂದ ಆಗಲಿಲ್ಲ. ನದಿದಂಡೆಯಲ್ಲಿ ಕೂತರೆ ಆಗುತ್ತದೆ. ಲಾವಾದ ಕಥೆ ಹೇಳಬಹುದು, ನೀರಿನ ಕಥೆ ಹೇಳಬಹುದು, ಅದಕ್ಕೂ ಹಿಂದಿನದನ್ನೂ ಹೇಳಬಹುದು. ಕಲ್ಲಿನಿಂದ ಅನ್ನ ಕಾಣುವ ನೆರೆಮನೆಯವರ ಕಥೆಯನ್ನೂ ಹೇಳಬಹುದು, ಹೇಳಲೇಬೇಕು.

ಬರುವವರು ಮುಂದಿನ ಭಾನುವಾರ ಬಲಿಪೂಜೆಯ ನಂತರ ಅಂಗಳದ ಬೇವಿನ ಮರದಡಿ ಹೆಸರು ಬರೆಸಿ. ಶುಲ್ಕವಿಲ್ಲ. ಮನೆಯಲ್ಲಿ ಅಜ್ಜಿ ಇದ್ದರೆ ತಪ್ಪದೆ ಕರೆದುಕೊಂಡು ಬನ್ನಿ, ಮರ ಮರೆಯಬೇಡಿ. ಸುತ್ತಿಗೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ.